ಭದ್ರಾವತಿ, ಅರಸೀಕೆರೆ, ತಿಪಟೂರು, ಗುಬ್ಬಿ: ನಮ್ಮ ಹಾಸ್ಯನಟರು ಹತ್ತಿ ಬಂದ ರೈಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗೋ ರೈಲು ನಮ್ಮಲ್ಲಿ ಬಹುತೇಕರು ಹತ್ತಿರ್ತೀವಿ. ಮೊದಲು ಭದ್ರಾವತಿ, ಆಮೇಲೆ ತರೀಕೆರೆ, ಬೀರೂರು, ಕಡೂರು. ಅರಸೀಕೆರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೆ. ಅಲ್ಲಿಂದ ತಿಪಟೂರು, ಗುಬ್ಬಿ, ತುಮಕೂರು. ಈ ಊರುಗಳ ಪೈಕಿ ನಾಲ್ಕನ್ನು ಪಕ್ಕಕ್ಕೆ ತೆಗೆದಿಡಿ: ಭದ್ರಾವತಿ, ಅರಸೀಕೆರೆ, ತಿಪಟೂರು, ಗುಬ್ಬಿ. ಕನ್ನಡದ ಹಾಸ್ಯನಟ ಅನ್ನೋ ಕಸುಬಿನ ಅರ್ಧ ಚರಿತ್ರೆ ಈ ನಾಲ್ಕು ಸ್ಟೇಷನ್ನಿನಲ್ಲೇ ಇದೆ. ಗುಬ್ಬಿ ಅಂದ್ರೆ ವೀರಣ್ಣ. ತಿಪಟೂರು ಅಂದ್ರೆ ನರಸಿಂಹರಾಜು. ಅರಸೀಕೆರೆ ಅಂದ್ರೆ ಟಿ.ಎನ್. ಬಾಲಕೃಷ್ಣ, ಎಲ್ಲರ ಬಾಯಲ್ಲಿ ಬಾಲಣ್ಣ. ಭದ್ರಾವತಿ ಅಂದ್ರೆ, ಅರಸೀಕೆರೆಯಲ್ಲಿ ಹುಟ್ಟಿ ನಮ್ಮ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಸಿನಿಮಾಕ್ಕೆ ಹೋದ ದೊಡ್ಡಣ್ಣ.

ಇವತ್ತಿನ ಸಂಚಿಕೆಯಲ್ಲಿ ನಾವು ಕೇಳಿಕೊಳ್ಳೋ ಪ್ರಶ್ನೆ ಸರಳ. ಸ್ಟೇಜಿಂದ ತೆರೆಗೆ ಬಂದ ಹಾಸ್ಯನಟನ ಕೆಲಸ ನಿಜವಾಗಿ ಏನಾಗಿತ್ತು? ನಾವು ಸಾಮಾನ್ಯವಾಗಿ ಅವರನ್ನ ಹೀರೋ ಪಕ್ಕದಲ್ಲಿ ಬಂದು ನಗಿಸಿ ಹೋಗೋರು ಅಂತ ನೆನಪಿಟ್ಟುಕೊಂಡಿದ್ದೀವಿ. ಟಿವಿಯಲ್ಲಿ ಹಳೇ ಸಿನಿಮಾ ಬಂದಾಗ ಹಾಡು ಬಿಟ್ಟು ಮೊದಲು ಕತ್ತರಿ ಬೀಳೋದು ಅವರ ಸೀನಿಗೇ. ಆದರೆ ಲೆಕ್ಕ ತೆಗೆದು ನೋಡಿದ್ರೆ ಕನ್ನಡ ಚಿತ್ರರಂಗ ಕಾಲೂರಿ ನಿಲ್ಲೋಕೆ ಬಂಡವಾಳ ತಂದೋರು, ಸಂಘ ಕಟ್ಟಿದೋರು, ಸ್ಟುಡಿಯೋ ಕಟ್ಟೋಕೆ ಹೊರಟೋರು ಇದೇ ಜನ. ಅದು ಹೇಗೆ ಅನ್ನೋದಕ್ಕೆ ಉತ್ತರ ಅವರು ಕಲಿತ ಜಾಗದಲ್ಲಿದೆ. ಅಲ್ಲಿಂದಲೇ ಶುರು ಮಾಡೋಣ.

ಪರದೆಯ ಮುಂದಿನ ಹತ್ತು ನಿಮಿಷ

ಕಂಪನಿ ನಾಟಕ ಅಂದ್ರೆ ಈಗಿನ ಹುಡುಗರಿಗೆ ಜಾತ್ರೆಯ ಟೆಂಟು ನೆನಪಾಗಬಹುದು. ಒಂದು ಕಾಲದಲ್ಲಿ ಅದೊಂದು ಚಲಿಸುವ ಕಾರ್ಖಾನೆ. ಒಂದೂರಲ್ಲಿ ಮೊಕ್ಕಾಂ ಹೂಡಿದ್ರೆ ತಿಂಗಳುಗಟ್ಟಲೆ ಇರ್ತಿತ್ತು. ಪರದೆ ಬರೆಯೋರು, ಬಡಗಿಗಳು, ಲೆಗ್ ಹಾರ್ಮೋನಿಯಂ ಮೇಷ್ಟ್ರು, ಅಡುಗೆಯವರು, ಅವರ ಹೆಂಡಿರು ಮಕ್ಕಳು ಎಲ್ಲ ಜೊತೆಗೇ. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ. ಹುಡುಗನಾಗಿದ್ದಾಗಲೇ ಅದಕ್ಕೆ ಸೇರಿದ ವೀರಣ್ಣ ಮುಂದೆ ಅದರ ಮಾಲೀಕರೇ ಆದ್ರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆ ತಂದು ರಂಗಕ್ಕೆ ಇಳಿಸಿದ ಮನುಷ್ಯ ಅಂತ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಅಷ್ಟು ದೊಡ್ಡ ಮಾಲೀಕರು ನಟರಾಗಿ ಹೆಸರು ಮಾಡಿದ್ದು ಯಾವ ಪಾತ್ರದಲ್ಲಿ ಗೊತ್ತಾ? 'ಸದಾರಮೆ'ಯ ಕಳ್ಳ. ರಾಜನ ಪಾತ್ರವನ್ನ ಬೇರೆಯವರಿಗೆ ಕೊಟ್ಟು, ಕಂಪನಿಯ ಯಜಮಾನ ಕಳ್ಳನ ವೇಷ ಹಾಕಿ ನಗಿಸ್ತಿದ್ದ!

ಇದು ಯಜಮಾನರ ಹುಚ್ಚಾಟ ಅಲ್ಲ, ವ್ಯಾಪಾರದ ಲೆಕ್ಕಾಚಾರ. ಕಂಪನಿ ನಾಟಕದಲ್ಲಿ ದೃಶ್ಯಗಳು ಎರಡು ಥರ. ಅರಮನೆ, ಕಾಡು, ದೇವಲೋಕ ಇಂಥವು ರಂಗದ ಪೂರ್ತಿ ಆಳ ಬಳಸೋವು. ಇವಕ್ಕೆ ಸೆಟ್ ಜೋಡಿಸಬೇಕು, ಸಿಂಹಾಸನ ತಳ್ಳಬೇಕು, ದೀಪ ಬದಲಾಯಿಸಬೇಕು. ಅಷ್ಟು ಹೊತ್ತು ಪ್ರೇಕ್ಷಕ ಸುಮ್ಮನೆ ಕೂರ್ತಾನಾ? ಕೂರಲ್ಲ. ಬೀಡಿ ಹಚ್ಚೋಕೆ ಎದ್ದು ಹೋಗ್ತಾನೆ. ಹಾಗಾಗಿ ಮುಂದೆ ಬೀದಿಯ ಚಿತ್ರ ಇರೋ ಒಂದು ಪರದೆ ಇಳಿಸಿ, ಆ ಪರದೆಯ ಮುಂದೆ ಸಿಕ್ಕ ನಾಲ್ಕಡಿ ಜಾಗದಲ್ಲಿ ಹಾಸ್ಯನಟನನ್ನ ಬಿಡ್ತಿದ್ರು. ಹಿಂದೆ ಸುತ್ತಿಗೆ ಸದ್ದು, ಮುಂದೆ ನಗೆಯ ಸದ್ದು. ಎರಡನೆಯದು ಮೊದಲನೆಯದನ್ನ ಮುಚ್ಚಬೇಕು. ಸೆಟ್ ಸಿದ್ಧವಾಗೋಕೆ ಐದು ನಿಮಿಷ ಆಗಬಹುದು, ಹದಿನೈದೂ ಆಗಬಹುದು. ಒಳಗಿಂದ ಸನ್ನೆ ಬರೋ ತನಕ ಈತ ಎಳೆಯಬೇಕು, ಬಂದ ತಕ್ಷಣ ಮುಗಿಸಬೇಕು. ಬರೆದ ಮಾತು ಕಮ್ಮಿ. ಆ ಊರಿನ ಸಂತೆ, ಆ ವಾರದ ಸುದ್ದಿ, ಮುಂದಿನ ಸಾಲಲ್ಲಿ ಕೂತ ಅಮಲ್ದಾರರ ಪೇಟ, ಏನು ಸಿಕ್ತೋ ಅದರಲ್ಲೇ ಕಟ್ಟಬೇಕು.

ಹಾಗಾಗಿ ಹಾಸ್ಯನಟ ಅಂದ್ರೆ ಕಂಪನಿಯ ಸಮಯಪಾಲಕ. ನಾಯಕನಿಗೆ ಒಂದು ರಾತ್ರಿ ಗಂಟಲು ಕಟ್ಟಿದ್ರೆ ಹಾಡು ಬಿಟ್ಟು ಮುಂದೆ ಹೋಗಬಹುದು. ಹಾಸ್ಯನಟ ಕೈಕೊಟ್ರೆ ನಾಟಕವೇ ನಿಂತುಹೋಗುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ತಿಪಟೂರಿನ ಹುಡುಗ

ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ತಿಪಟೂರಲ್ಲಿ. ನಾಲ್ಕೈದು ವರ್ಷಕ್ಕೇ ಬಣ್ಣ ಹಚ್ಚಿದೋರು. ಶಾಲೆ ಅಂದ್ರೆ ಕಂಪನಿಯೇ. ಮಕ್ಕಳ ಪಾತ್ರ, ಹೆಣ್ಣು ಪಾತ್ರ, ಮೀಸೆ ಬಂದಮೇಲೆ ಗಂಡು ಪಾತ್ರ, ಹೀಗೆ ಕಂಪನಿಯಿಂದ ಕಂಪನಿಗೆ ತಿರುಗಿ ಕೊನೆಗೆ ಗುಬ್ಬಿ ಕಂಪನಿಗೆ ಬಂದ್ರು. ಸಣ್ಣ ಮೈ, ಮುಂದೆ ಬಂದ ಹಲ್ಲು, ಯಾವ ಕಡೆ ಬೇಕಾದರೂ ತಿರುಗೋ ಮುಖ.

ಅವರನ್ನ ಕನ್ನಡದ ಚಾರ್ಲಿ ಚಾಪ್ಲಿನ್ ಅಂತ ಕರೆಯೋದು ರೂಢಿ. ನನಗೇನೋ ಆ ಹೋಲಿಕೆ ಸರಿ ಹೊಂದಲ್ಲ. ಬದುಕಿನ ದಾರಿ ನೋಡಿದ್ರೆ ಅವರಿಗೆ ಹತ್ತಿರದವರು ಅಮೆರಿಕದ ಬಸ್ಟರ್ ಕೀಟನ್. ಕೀಟನ್ ಹುಟ್ಟಿದ್ದು 1895ರಲ್ಲಿ. ಅಪ್ಪ ಅಮ್ಮ ಇಬ್ಬರೂ ವಾಡೆವಿಲ್ ಅನ್ನೋ ಊರೂರು ತಿರುಗೋ ರಂಗದವರು. ಹುಡುಗನಾಗಿದ್ದಾಗಲೇ ಅವರ ಜೊತೆ ಸ್ಟೇಜ್ ಹತ್ತಿದ. ಅಪ್ಪ ಅವನನ್ನ ಮೂಟೆ ಎಸೆದಂಗೆ ರಂಗದ ಮೇಲೆ ಎಸೆಯೋದೇ ಆಟದ ತಿರುಳು. ಬಿದ್ದರೂ ಮುಖದಲ್ಲಿ ಭಾವ ತೋರಿಸದೇ ಇದ್ರೆ ಜನ ಜಾಸ್ತಿ ನಗ್ತಾರೆ ಅನ್ನೋದನ್ನ ಆ ವಯಸ್ಸಲ್ಲೇ ಕಂಡುಕೊಂಡ. 1917ರಲ್ಲಿ ಸಿನಿಮಾಕ್ಕೆ ಬಂದ, 1926ರಲ್ಲಿ 'ದಿ ಜನರಲ್' ಮಾಡಿದ. 1928ರಲ್ಲಿ ಎಂಜಿಎಂ ಅನ್ನೋ ದೊಡ್ಡ ಕಂಪನಿಗೆ ಸಹಿ ಹಾಕಿದ ಮೇಲೆ ತನ್ನ ಸಿನಿಮಾದ ಮೇಲೆ ತನಗೇ ಹಿಡಿತ ಇಲ್ಲದಂಗಾಯ್ತು. ಮುಖದ ಮಟ್ಟಿಗೆ ಕೀಟನ್ನೂ ನರಸಿಂಹರಾಜೂ ಒಬ್ಬರಿಗೊಬ್ಬರು ಪೂರ್ತಿ ವಿರುದ್ಧ. ಅವನ ಮುಖ ಕಲ್ಲು, ಇವರದು ನೀರು. ಆದರೆ ಇಬ್ಬರೂ ಓದು ಬರಹಕ್ಕಿಂತ ಮೊದಲು ಪ್ರೇಕ್ಷಕರ ಉಸಿರು ಎಣಿಸೋದು ಕಲಿತೋರು. ಎಷ್ಟು ಹೊತ್ತು ತಡೆದು ಮಾತು ಬಿಡಬೇಕು ಅನ್ನೋದು ಅವರ ಮೈಗೇ ಗೊತ್ತಿತ್ತು.

1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ಎಚ್.ಎಲ್.ಎನ್. ಸಿಂಹ ನಿರ್ದೇಶನ, ಗುಬ್ಬಿ ವೀರಣ್ಣನವರ ಸಂಸ್ಥೆ ಕೈಜೋಡಿಸಿದ ಚಿತ್ರ. ಮುತ್ತುರಾಜ ಅನ್ನೋ ಕಂಪನಿ ನಟ ರಾಜಕುಮಾರ್ ಆಗಿ ನಾಯಕನಾಗಿದ್ದು ಇಲ್ಲಿಂದ. ಇದು ಎಲ್ಲರಿಗೂ ಗೊತ್ತು. ಅದೇ ಚಿತ್ರದಿಂದ ನರಸಿಂಹರಾಜು ಕೂಡ ಸಿನಿಮಾಕ್ಕೆ ಬಂದ್ರು ಅನ್ನೋದನ್ನ ನಾವು ಅಷ್ಟು ಸಲ ಹೇಳಲ್ಲ. ಇಬ್ಬರೂ ಒಂದೇ ರಂಗದ ಮಕ್ಕಳು. ಅಲ್ಲಿಂದ 1979ರ ತನಕ, ಅಂದ್ರೆ ಇಪ್ಪತ್ತೈದು ವರ್ಷದಲ್ಲಿ ನರಸಿಂಹರಾಜು ಮಾಡಿದ ಚಿತ್ರಗಳು ಸುಮಾರು 250. ವರ್ಷಕ್ಕೆ ಹತ್ತು. ಆ ಕಾಲದಲ್ಲಿ ಕನ್ನಡದಲ್ಲಿ ತಯಾರಾಗ್ತಿದ್ದಿದ್ದೇ ಬೆರಳೆಣಿಕೆಯಿಂದ ಹಿಡಿದು ಕೆಲವು ಡಜನ್ ಚಿತ್ರ ಅಂದಮೇಲೆ ಲೆಕ್ಕ ಹಾಕ್ಕೊಳ್ಳಿ. ಮೊದಲು ನರಸಿಂಹರಾಜು ಡೇಟ್ ಸಿಗಲಿ, ಆಮೇಲೆ ಹೀರೋನ ಕೇಳೋಣ ಅಂತ ನಿರ್ಮಾಪಕರು ಹೇಳ್ತಿದ್ರು ಅನ್ನೋ ಮಾತು ಗಾಂಧಿನಗರದಲ್ಲಿ ಇವತ್ತೂ ಓಡಾಡುತ್ತೆ.

ಒಂದು ಪಾತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. 'ಸತ್ಯ ಹರಿಶ್ಚಂದ್ರ', 1965, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ಅದರಲ್ಲಿ ನರಸಿಂಹರಾಜು ನಕ್ಷತ್ರಿಕ. ಬಿಡದೆ ಕಾಡೋರನ್ನ ನಮ್ಮ ಕಡೆ ಈಗಲೂ 'ನಕ್ಷತ್ರಿಕ ಇದ್ದಂಗೆ' ಅಂತೀವಲ್ಲ, ಅದೇ ನಕ್ಷತ್ರಿಕ. ವಿಶ್ವಾಮಿತ್ರನ ಸಾಲ ವಸೂಲಿಗೆ ಹರಿಶ್ಚಂದ್ರನ ಬೆನ್ನು ಬಿದ್ದೋನು. ರಾಜ್ಯ ಹೋಗಿದೆ, ರಾಜ ಹೆಂಡತಿ ಮಗನ ಜೊತೆ ಕಾಲ್ನಡಿಗೆಯಲ್ಲಿ ಕಾಶಿಗೆ ಹೊರಟಿದ್ದಾನೆ. ಈ ಮನುಷ್ಯ ಪಕ್ಕದಲ್ಲೇ ಬರ್ತಾನೆ. ಕಾಲು ನೋವು ಅಂತಾನೆ, ಹಸಿವು ಅಂತಾನೆ, ಕೂರ್ತಾನೆ, ಏಳಲ್ಲ ಅಂತಾನೆ. ಜನ ಹೊಟ್ಟೆ ಹಿಡಿದು ನಗ್ತಾರೆ. ಆದರೆ ಈ ನಗೆಯಿಂದಲೇ ಕತೆಯ ಕುಣಿಕೆ ಬಿಗಿಯಾಗ್ತಾ ಹೋಗುತ್ತೆ. ಆತನ ಒಂದೊಂದು ತಮಾಷೆಯೂ ಸಾಲದ ಗಡುವಿನ ಒಂದೊಂದು ಗಂಟೆ ನುಂಗುತ್ತೆ. ಕೊನೆಗೆ ರಾಜ ಹೆಂಡತಿ ಮಗನನ್ನ ಮಾರೋ ಹೊತ್ತಿಗೆ, ಅಲ್ಲಿವರೆಗೆ ನಕ್ಕ ಪ್ರೇಕ್ಷಕನಿಗೆ ತಾನೂ ಅದರಲ್ಲಿ ಭಾಗಿ ಅನ್ನಿಸುತ್ತೆ.

ಈ ಪಾತ್ರ ಅತಿಯಾದ್ರೆ ಚಿತ್ರ ಸೋರಿಹೋಗುತ್ತೆ, ಕಮ್ಮಿಯಾದ್ರೆ ಎರಡೂವರೆ ಗಂಟೆ ಗೋಳು. ಆ ಅಳತೆ ಎಲ್ಲಿಂದ ಬಂತು ಅಂದ್ರೆ ಪರದೆಯ ಮುಂದಿನ ಆ ನಾಲ್ಕಡಿ ಜಾಗದಿಂದ. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದ್ರು. ಸಿಕ್ಕಿದ್ರೆ ಕಪ್ಪು ಬಿಳುಪಿನದ್ದನ್ನೇ ನೋಡಿ ಅನ್ನೋದು ನನ್ನ ಸಲಹೆ. ನರಸಿಂಹರಾಜು ಅವರ ಕಣ್ಣಿನ ಆಟ ಅದರಲ್ಲೇ ಚೆನ್ನ.

ಕಿವಿ ಕೇಳದ ನಟ, ಮಾತಿನ ಸಿನಿಮಾ

ಈಗ ಅರಸೀಕೆರೆ. ಬಾಲಣ್ಣನಿಗೆ ಕಿವಿ ಮಂದ. ಸಾಧಾರಣ ಮಂದ ಅಲ್ಲ, ಎದುರಿನೋರು ಏನಂದ್ರು ಅಂತ ಕೇಳಿಸಿಕೊಂಡು ಉತ್ತರ ಕೊಡೋ ಸ್ಥಿತಿಯೇ ಇರಲಿಲ್ಲ. ಇಂಥ ಮನುಷ್ಯ ಆರಿಸಿಕೊಂಡಿದ್ದು ಹಾಸ್ಯವನ್ನ! ಹಾಸ್ಯ ಅಂದ್ರೆ ಕೇಳಿಸಿಕೊಂಡು ತಿರುಗಿಸಿ ಕೊಡೋ ಕೆಲಸ ಅಲ್ವಾ? ಅವರ ಜೊತೆ ಕೆಲಸ ಮಾಡಿದೋರು ಹೇಳ್ತಾ ಬಂದಿರೋದು ಇಷ್ಟು: ಅವರು ಎದುರಿನವರ ತುಟಿ ನೋಡ್ತಿದ್ರು. ತಮ್ಮ ಮಾತಷ್ಟೇ ಅಲ್ಲ, ದೃಶ್ಯದಲ್ಲಿ ಇರೋ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡು ಬರ್ತಿದ್ರು.

ಇದರ ಫಲ ತೆರೆಯ ಮೇಲೆ ಕಾಣುತ್ತೆ. ಬಾಲಣ್ಣ ಎದುರಿನವರನ್ನ ದಿಟ್ಟಿಸೋ ರೀತಿ ನೋಡಿ. ಬೇರೆ ನಟರು ತಮ್ಮ ಸರದಿ ಬರೋ ತನಕ ಕಾಯ್ತಾ ನಿಂತಿರ್ತಾರೆ, ಕೆಲವರು ಕ್ಯಾಮೆರಾ ಕಡೆ ಕಣ್ಣು ಹಾಯಿಸ್ತಾರೆ. ಈತ ಎದುರಿನವರ ಮುಖದಿಂದ ಕಣ್ಣೇ ತೆಗೆಯಲ್ಲ. ಆ ನೋಟದಿಂದ ಅವರು ಮಾಡಿದ ಕುತಂತ್ರಿ ಪಾತ್ರಗಳಿಗೆ ಒಂಥರಾ ಹರಿತ ಬಂತು. ಏನೋ ಲೆಕ್ಕ ಹಾಕ್ತಿದ್ದಾನೆ ಅನ್ನಿಸುತ್ತೆ. ಒಳ್ಳೆಯವನ ಪಾತ್ರದಲ್ಲಿ ಅದೇ ನೋಟ ಕಾಳಜಿಯ ಥರ ಕಾಣುತ್ತೆ. 1972ರ 'ಬಂಗಾರದ ಮನುಷ್ಯ'ದಲ್ಲಿ ರಾಚೂಟಪ್ಪನ ಪಾತ್ರ ನೆನಪಿರಬೇಕಲ್ಲ? ಊರಿಗೆ ಬಂದ ರಾಜೀವನ ಬೆನ್ನಿಗೆ ನಿಲ್ಲೋ ಹಳ್ಳಿಗ. ಕೊರತೆ ಅನ್ನೋದೇ ಅಭಿನಯದ ಶೈಲಿಯಾದ ಇಂಥ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ.

ಬಾಲಣ್ಣ ಸಿನಿಮಾಕ್ಕೆ ಬಂದಿದ್ದು ನರಸಿಂಹರಾಜುಗಿಂತ ಮೊದಲು, 1943ರ 'ರಾಧಾ ರಮಣ'ದಲ್ಲಿ. ಆಗ ಕನ್ನಡ ಚಿತ್ರಗಳೇ ವರ್ಷಕ್ಕೆ ಒಂದೋ ಎರಡೋ. ನಾಟಕ ಬಿಟ್ಟರೆ ಅನ್ನ ಇಲ್ಲ. ಐವತ್ತರ ದಶಕದಲ್ಲಿ ಚಿತ್ರಗಳು ಹೆಚ್ಚಾದ ಮೇಲೆ ಇಬ್ಬರೂ ಜೋಡಿಯಾದ್ರು. ಒಬ್ಬ ಚುರುಕು, ಒಬ್ಬ ನಿಧಾನ. ಒಬ್ಬರ ಮಾತು ಓಡುತ್ತೆ, ಇನ್ನೊಬ್ಬರದ್ದು ತೂಗಿ ಬೀಳುತ್ತೆ. ಬಾಲಣ್ಣ ಒಟ್ಟು 500ಕ್ಕೂ ಹೆಚ್ಚು ಚಿತ್ರ ಮಾಡಿದ್ರು.

ನಗಿಸೋರು ಬಂಡವಾಳ ಹಾಕಿದ ಕತೆ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಐವತ್ತರ ದಶಕದ ಕೊನೆ. ಚಿತ್ರೀಕರಣ ಎಲ್ಲ ಮದರಾಸಿನಲ್ಲಿ. ಕನ್ನಡ ಚಿತ್ರ ತೆಗೆಯೋರೇ ಕಮ್ಮಿ, ಕಲಾವಿದರಿಗೆ ತಿಂಗಳಾನುಗಟ್ಟಲೆ ಕೆಲಸ ಇಲ್ಲ. ಆಗ ನಾಲ್ಕು ಜನ ಸೇರಿ 'ಕನ್ನಡ ಚಲನಚಿತ್ರ ಕಲಾವಿದರ ಸಂಘ' ಅಂತ ಮಾಡಿಕೊಂಡ್ರು. ರಾಜಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ. ನಾಲ್ವರಲ್ಲಿ ಇಬ್ಬರು ಹಾಸ್ಯನಟರು! ಸಿನಿಮಾದವರಾದ ಮೇಲೂ ಮತ್ತೆ ಊರೂರಿಗೆ ಹೋಗಿ ನಾಟಕ ಆಡಿದ್ರು. ಹಣ ಕೂಡಿಸಿದ್ರು. 1960ರಲ್ಲಿ 'ರಣಧೀರ ಕಂಠೀರವ' ತೆಗೆದ್ರು. ಅಯ್ಯರ್ ಬರವಣಿಗೆ, ಎನ್.ಸಿ. ರಾಜನ್ ನಿರ್ದೇಶನ. ಚಿತ್ರ ಗೆದ್ದಿತು. ಕನ್ನಡದಲ್ಲಿ ಚಿತ್ರ ತೆಗೆದರೆ ದುಡ್ಡು ಬರುತ್ತೆ ಅನ್ನೋ ನಂಬಿಕೆ ಬೆಳೆದಿದ್ದು ಇಂಥ ಗೆಲುವುಗಳಿಂದ.

ಇಲ್ಲಿ ನನ್ನ ತರ್ಕ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಹಾಸ್ಯನಟರೇ ಯಾಕೆ ಈ ಸಾಹಸಕ್ಕೆ ಇಳಿದ್ರು? ಒಂದು, ಹೀರೋಗಿಂತ ಅವರಿಗೆ ಕೆಲಸ ನಿರಂತರ, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡ್ತಿತ್ತು. ಇನ್ನೊಂದು ಮುಖ್ಯ ಕಾರಣ, ಕಂಪನಿಯಲ್ಲಿ ಅವರು ಕಲಿತಿದ್ದು ಪಾತ್ರ ಮಾತ್ರ ಅಲ್ಲ, ಇಡೀ ರಾತ್ರಿಯ ವ್ಯವಹಾರ. ಯಾವ ಊರಲ್ಲಿ ಯಾವ ಮಾತಿಗೆ ನಗ್ತಾರೆ, ಎಲ್ಲಿ ಎದ್ದು ಹೋಗ್ತಾರೆ, ಗಲ್ಲಾಪೆಟ್ಟಿಗೆ ಯಾವ ದಿನ ಖಾಲಿ ಅನ್ನೋದು ಅವರಿಗೆ ಗೊತ್ತಿತ್ತು. ಗುಬ್ಬಿ ವೀರಣ್ಣ ಕಳ್ಳನ ವೇಷದಲ್ಲಿ ನಿಂತು ಕಂಪನಿ ನಡೆಸಿದ್ದನ್ನ ಕಣ್ಣಾರೆ ಕಂಡೋರು ಇವರು.

ನರಸಿಂಹರಾಜು ಮುಂದೆ ತಾವೇ ನಿರ್ಮಾಪಕರಾಗಿ 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ' ಮಾಡಿದ್ರು, ಹೆಸರಿನ ಪಾತ್ರವೂ ಅವರದೇ. ಇದಕ್ಕೂ ಮೊದಲು 1967ರ 'ನಕ್ಕರೆ ಅದೇ ಸ್ವರ್ಗ'ದಲ್ಲೂ ಇದ್ರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡದಲ್ಲಿ ಮೊದಲು ಹಾಡಿದ ಚಿತ್ರ ಅಂತ ಅದನ್ನ ಈಗ ನೆನೆಯೋದು ಜಾಸ್ತಿ. ಅವರ ನಂತರದ ತಲೆಮಾರಿನ ದ್ವಾರಕೀಶ್ ಹುಣಸೂರಿನವರು, ನಮ್ಮ ರೈಲಿನ ದಾರಿಯವರಲ್ಲ, ಆದರೂ ಇದೇ ಪಟ್ಟಿಗೆ ಸೇರ್ತಾರೆ. 1969ರಲ್ಲಿ ರಾಜಕುಮಾರ್ ಅವರನ್ನ ಹಾಕ್ಕೊಂಡು 'ಮೇಯರ್ ಮುತ್ತಣ್ಣ' ನಿರ್ಮಿಸಿದ್ರು. 2024ರ ಏಪ್ರಿಲ್‌ನಲ್ಲಿ ತೀರಿಕೊಳ್ಳೋ ತನಕ ಅವರ ಬದುಕೆಲ್ಲ ಗೆಲುವು ಸೋಲು, ಸಾಲ ತೀರಿಸೋದು, ಮತ್ತೆ ಚಿತ್ರ ತೆಗೆಯೋದು.

ಬಾಲಣ್ಣನದು ಇನ್ನೂ ದೊಡ್ಡ ಕನಸು. ಕನ್ನಡ ಚಿತ್ರಕ್ಕೆ ಮದರಾಸಿಗೆ ಯಾಕೆ ಹೋಗಬೇಕು, ಇಲ್ಲೇ ಸ್ಟುಡಿಯೋ ಕಟ್ಟೋಣ ಅಂತ. 1960ರ ದಶಕದಲ್ಲಿ ಸರ್ಕಾರದಿಂದ ಬೆಂಗಳೂರಿನ ಕೆಂಗೇರಿ ಹತ್ತಿರ 20 ಎಕರೆ ಜಾಗ ಸಿಕ್ತು. ಅಭಿಮಾನ್ ಸ್ಟುಡಿಯೋ ಅಂತ ಹೆಸರಿಟ್ರು. ಯೋಚನೆ ಮಾಡಿ, ಒಬ್ಬ ಹಾಸ್ಯನಟ, ಕಿವಿ ಕೇಳಲ್ಲ, ದಿನಗೂಲಿ ಥರ ಪಾತ್ರ ಮಾಡಿ ಬಂದ ದುಡ್ಡನ್ನ ಒಂದೊಂದೇ ಗೋಡೆಗೆ ಸುರೀತಾ ಹೋದ. ಅದು ಅವರು ಅಂದುಕೊಂಡ ಮಟ್ಟಕ್ಕೆ ಯಾವತ್ತೂ ಏಳಲಿಲ್ಲ. 1995ರ ಜುಲೈನಲ್ಲಿ ಬಾಲಣ್ಣ ತೀರಿಕೊಂಡ್ರು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲೇ ಆಯ್ತು. ಆ ಮೇಲೆ ಜಾಗದ ವ್ಯಾಜ್ಯ, ಕೋರ್ಟು, ಪ್ರತಿಭಟನೆ. 2025ರ ಆಗಸ್ಟ್‌ನಲ್ಲಿ ವಿಷ್ಣು ಸಮಾಧಿ ತೆರವಾದಾಗ ಒಂದು ವಾರ ಎಲ್ಲ ಚಾನೆಲ್‌ಗಳಲ್ಲೂ ಅದೇ ಸುದ್ದಿ. ಗಮನಿಸಿದ್ರಾ? ಬಾಲಣ್ಣನ ಹೆಸರು ಆ ಸುದ್ದಿಯಲ್ಲಿ ಬಂತು, ಆದರೆ ಬಂದಿದ್ದು ಜಾಗ ಯಾರಿಗೆ ಮಂಜೂರಾಗಿತ್ತು ಅನ್ನೋ ಸಾಲಿನಲ್ಲಿ. ಆ ಮನುಷ್ಯ ಆ ಜಾಗ ಯಾಕೆ ಕೇಳಿದ ಅನ್ನೋದನ್ನ ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ನರಸಿಂಹರಾಜು ಹೋಗಿದ್ದು ಅದಕ್ಕಿಂತ ಬಹಳ ಮೊದಲು, 1979ರ ಜುಲೈನಲ್ಲಿ. 56 ತುಂಬೋಕೆ ಇನ್ನು ಕೆಲವೇ ದಿನ ಇತ್ತು.

ಇವರಿಬ್ಬರ ಸಿನಿಮಾಗಳಾದರೂ ಇವೆ. ರಂಗದ ಮೇಲೆ ಮಾಡಿದ್ದು? ಗುಬ್ಬಿ ವೀರಣ್ಣನವರ ಕಳ್ಳ ಹೇಗಿದ್ದ ಅಂತ ನಾವು ಓದಿ ತಿಳಿಯಬೇಕು, ನೋಡೋಕಾಗಲ್ಲ. ನಾಯಕರ ರಂಗಗೀತೆಗಳು ಗ್ರಾಮೊಫೋನ್ ಪ್ಲೇಟಿನಲ್ಲಿ ಉಳಿದ್ವು. ಹಾಸ್ಯನಟನ ಆ ಹತ್ತು ನಿಮಿಷ ಬರವಣಿಗೆಯಲ್ಲೂ ಇಲ್ಲ, ಯಾಕಂದ್ರೆ ಅದನ್ನ ಯಾರೂ ಬರೆದೇ ಇರಲಿಲ್ಲ. ಸಿನಿಮಾಕ್ಕೆ ಬಂದು ಹೋದರೂ ರಂಗ ಬಿಡದ ಮಾಸ್ಟರ್ ಹಿರಣ್ಣಯ್ಯ ಈ ವಿಷಯದಲ್ಲಿ ಸ್ವಲ್ಪ ಅದೃಷ್ಟವಂತರು. 2019ರ ತನಕ ಬದುಕಿದ್ರು, 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡಿತು, ಅವರ ಮಾತಿನ ಧಾಟಿ ಇವತ್ತು ಯಾರು ಬೇಕಾದರೂ ಕೇಳಬಹುದು. ಪರದೆಯ ಮುಂದೆ ನಿಂತು ಆ ದಿನದ ಪೇಪರ್ ಸುದ್ದಿಯನ್ನೇ ನಾಟಕದೊಳಕ್ಕೆ ತರೋದು ಹೇಗಿತ್ತು ಅಂತ ತಿಳಿಯಬೇಕಾದ್ರೆ ಅವರನ್ನೇ ಕೇಳಬೇಕು.

ಕಾರ್ಖಾನೆಯ ಸೈರನ್ ಆದಮೇಲೆ

ಇನ್ನು ನಮ್ಮ ಭದ್ರಾವತಿ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಶುರುವಾಯ್ತು, ಅಂದ್ರೆ ನರಸಿಂಹರಾಜು ಹುಟ್ಟಿದ ವರ್ಷವೇ. ಆ ಮೇಲೆ ಕಾಗದದ ಕಾರ್ಖಾನೆಯೂ ಬಂತು. ಕಾರ್ಖಾನೆ ಇದ್ದಲ್ಲಿ ಕಾಲೊನಿ, ಕಾಲೊನಿ ಇದ್ದಲ್ಲಿ ಗಣಪತಿ ಹಬ್ಬ, ರಾಜ್ಯೋತ್ಸವ, ಅದಕ್ಕೊಂದು ನಾಟಕ. ಇಲ್ಲಿ ಹಾಸ್ಯನಟ ಹುಟ್ಟೋ ದಾರಿಯೇ ಬೇರೆ. ಕಂಪನಿ ಹುಡುಗನಿಗೆ ನಗೆ ಬರದಿದ್ರೆ ಊಟ ಇಲ್ಲ. ಕಾರ್ಖಾನೆ ನೌಕರನಿಗೆ ತಿಂಗಳ ಸಂಬಳ ಇದೆ, ಶಿಫ್ಟ್ ಮುಗಿದ ಮೇಲೆ ರಿಹರ್ಸಲ್ ಇದೆ. ಹವ್ಯಾಸಿ ರಂಗಭೂಮಿ ಅಂತೀವಲ್ಲ, ಅದು.

ದೊಡ್ಡಣ್ಣ ಈ ದಾರಿಯವರು. ವಿಐಎಸ್‌ಎಲ್ ನೌಕರಿ, ಜೊತೆಗೆ ನಾಟಕ, ಅಲ್ಲಿಂದ ಸಿನಿಮಾ. ಖಳನ ಪಾತ್ರವನ್ನೂ ಮಾಡಿದ್ರು, ಹಾಸ್ಯವನ್ನೂ ಮಾಡಿದ್ರು. ಅವರ ಹಾಸ್ಯದಲ್ಲಿ ಕಂಪನಿಯ ಓಟ ಇಲ್ಲ. ಕ್ಯಾಂಟೀನಿನಲ್ಲಿ ನಾಲ್ಕು ಜನರ ಮಧ್ಯೆ ಕೂತು ಕತೆ ಹೇಳೋ ಹಿರಿಯ ಸಹೋದ್ಯೋಗಿಯ ಗತ್ತು ಇದೆ. ಮಾತಿನ ಕೊನೆ ಎಳೆಯೋದು, ಗಂಭೀರ ಮುಖದಲ್ಲೇ ಚುಚ್ಚೋದು. ಹಿಂದಿನವರ ಹಾಗೇ ಇವರೂ ಸಂಘದ ಕೆಲಸಕ್ಕೆ ಹೆಗಲು ಕೊಟ್ಟೋರು. ಅಂಬರೀಷ್ ಅವರ ಕಾಲದಲ್ಲಿ ಕಲಾವಿದರ ಸಂಘದ ಖಜಾಂಚಿಯಾಗಿದ್ರು, ಚಾಮರಾಜಪೇಟೆಯ ಸಂಘದ ಕಟ್ಟಡ ಎದ್ದ ಕತೆಯಲ್ಲಿ ಅವರ ಓಡಾಟವೂ ಸೇರಿದೆ. ನಿರ್ದೇಶಕ ಎಸ್. ನಾರಾಯಣ್ ಕೂಡ ಭದ್ರಾವತಿಯವರೇ. 2001ರ 'ಕುರಿಗಳು ಸಾರ್ ಕುರಿಗಳು' ನೋಡಿ ನಕ್ಕೋರಿಗೆ, ನಟರಾಗಿ ಅವರ ಹಾಸ್ಯದ ಕೈ ಹೇಗಿದೆ ಅಂತ ಗೊತ್ತಿರುತ್ತೆ.

ಆದರೆ ಆ ಕಾಲೊನಿ ಈಗ ಎಲ್ಲಿದೆ? ಎಂಪಿಎಂ ಸದ್ದು ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚೋ ನಿರ್ಧಾರ 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ಬೀದಿಗಿಳಿದಿದ್ದನ್ನ ನಮ್ಮ ಕೇಳುಗರಲ್ಲಿ ಅನೇಕರು ಕಂಡಿದ್ದಾರೆ. ಉದ್ಯೋಗದ ಮಾತು ದೊಡ್ಡದು, ಅದರ ಮುಂದೆ ನಾಟಕದ ಮಾತು ಸಣ್ಣದು, ಒಪ್ತೀನಿ. ಆದರೂ ಹೇಳಬೇಕು. ಸಂಜೆ ಐದಕ್ಕೆ ಕೆಲಸ ಮುಗಿಸಿ, ಎರಡು ಗಂಟೆ ರಿಹರ್ಸಲ್ ಮಾಡೋಕೆ ನಿಶ್ಚಿಂತೆ ಬೇಕು. ಆ ನಿಶ್ಚಿಂತೆಯನ್ನ ಕಾರ್ಖಾನೆ ಕೊಡ್ತಿತ್ತು. ಗುತ್ತಿಗೆ ಕೆಲಸಕ್ಕೆ ಮೂರೂರು ತಿರುಗೋ ಹುಡುಗನಿಗೆ ಅದನ್ನ ಯಾರು ಕೊಡ್ತಾರೆ?

ಜಿಲ್ಲೆಯ ಇನ್ನೊಂದು ತುದಿಯಲ್ಲಿ ಬೇರೊಂದು ದಾರಿ ಇದೆ. ಹೆಗ್ಗೋಡಿನ ನೀನಾಸಂ. 1949ರಲ್ಲಿ ಶುರುವಾದ ಸಂಸ್ಥೆ, ಅದರ ರಂಗಶಿಕ್ಷಣ ಕೇಂದ್ರ ಬಂದಿದ್ದು 1980ರಲ್ಲಿ. ಸಿನಿಮಾದ ಹಾಸ್ಯಪಾತ್ರಗಳಲ್ಲಿ ನಾವು ಕಾಣೋ ಮಂಡ್ಯ ರಮೇಶ್ ಅಲ್ಲಿ ಕಲಿತು, ಮೈಸೂರಿನ ರಂಗಾಯಣಕ್ಕೆ ಹೋಗಿ, ಅಲ್ಲೇ 'ನಟನ' ಅನ್ನೋ ರಂಗಶಾಲೆ ಕಟ್ಟಿದೋರು. ನೋಡಿ, ಮತ್ತೆ ಹಾಸ್ಯನಟನೊಬ್ಬ ಏನನ್ನೋ ಕಟ್ಟೋಕೆ ಹೊರಟಿದ್ದಾನೆ! ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಂಗದಲ್ಲೂ ಸಿನಿಮಾದಲ್ಲೂ ಎರಡು ಕಡೆ ಕಾಲಿಟ್ಟು ನಿಂತಿರೋದು ನಿಮಗೆ ಗೊತ್ತೇ ಇದೆ.

ನಮ್ಮಲ್ಲೊಂದು ಕೆಲಸ ಬಾಕಿ ಇದೆ. ಕಂಪನಿ ನಾಟಕದ ಕಾಲದ ಹ್ಯಾಂಡ್‌ಬಿಲ್‌ಗಳು, ಗುಲಾಬಿ ಹಳದಿ ತೆಳು ಕಾಗದದ ಮೇಲೆ ಅಚ್ಚಾದವು, ನಮ್ಮ ಜಿಲ್ಲೆಯ ಹಳೇ ಮನೆಗಳ ಅಟ್ಟದಲ್ಲಿ, ಅಂಗಡಿ ಲೆಕ್ಕದ ಪುಸ್ತಕಗಳ ಮಧ್ಯೆ ಇನ್ನೂ ಇರಬಹುದು. ಕಾರ್ಖಾನೆ ಕಾಲೊನಿಗಳ ನಾಟಕದ ಫೋಟೋ, ಆಹ್ವಾನಪತ್ರ ಕೂಡ. ಸಿಕ್ಕಿದ್ರೆ ಹಾಸ್ಯಪಾತ್ರದ ಹೆಸರು ಎಲ್ಲಿದೆ ಅಂತ ನೋಡಿ. ನಾಯಕನಿಗಿಂತ ಕೆಳಗೋ, ಮೇಲೋ, ಅಕ್ಷರ ಸಣ್ಣದೋ ದೊಡ್ಡದೋ. ಫೋಟೋ ತೆಗೆದು ನಮಗೆ ಕಳಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ರೆ, ಯಾವ ಕಂಪನಿ ಎಲ್ಲಿ ಮೊಕ್ಕಾಂ ಹೂಡಿತ್ತು, ಯಾರು ನಗಿಸಿದ್ರು ಅಂತ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಹಾಡಿನ ಬಗ್ಗೆ ಎಲ್ಲರೂ ಕೇಳ್ತಾರೆ, ನೀವು ಹಾಸ್ಯದ ಬಗ್ಗೆ ಕೇಳಿ.

ಮುಂದಿನ ಸಂಚಿಕೆ ಹೆಣ್ಣು ಹಾಸ್ಯನಟಿಯರ ಬಗ್ಗೆ. ಅದರಲ್ಲಿ ನರಸಿಂಹರಾಜು ಅವರಿಗೆ ಎಷ್ಟೋ ಚಿತ್ರಗಳಲ್ಲಿ ಜೋಡಿಯಾದ ಎಂ.ಎನ್. ಲಕ್ಷ್ಮೀದೇವಿ ಅವರಿಂದ ಉಮಾಶ್ರೀ ಅವರ ತನಕ ಮಾತಾಡೋದಿದೆ. ಅಲ್ಲಿವರೆಗೆ 'ಸತ್ಯ ಹರಿಶ್ಚಂದ್ರ'ದ ಕಾಶಿ ದಾರಿಯ ಭಾಗವನ್ನ ಒಮ್ಮೆ ನೋಡಿಟ್ಟುಕೊಳ್ಳಿ. ನಮಸ್ಕಾರ.